ನಾನು ಗೆದ್ದುಕೊಂಡ ನಾಲ್ಕು ಪಿರಿಯಡ್ಡು

ಗಣಿತ ಕಲಿಸುವವರು ಸಾಧು ಸ್ವಭಾವದವರು ಎಂದು ಹೊರಗಿನ ಜನ ತಿಳಿದಿರುತ್ತಾರೆ. ಪುಣೆ ಸ್ಟೇಷನ್ನಿನ ಹತ್ತಿರದ ಒಂದೇ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದವಳು ನಾನು, ಒಳಗಿನ ಸಂಗತಿ ಹೇಳುತ್ತೇನೆ. ಶಾಲೆಯಲ್ಲಿ ನಡೆಯುವ ಕಳ್ಳತನಗಳಲ್ಲಿ ಮುಕ್ಕಾಲು ಪಾಲು ನಮ್ಮ ಕೈಚಳಕವೇ. ನಾವು ಕದಿಯುವುದು ಪಿ.ಟಿ. ಪಿರಿಯಡ್ಡು. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಪಿ.ಟಿ. ಸರ್ ಚಹಾದ ಕಪ್ಪನ್ನು ಬಾಯಿಗಿಡುವ ಹೊತ್ತು ನೋಡಿ ಪಕ್ಕದಲ್ಲಿ ಹೋಗಿ ನಿಲ್ಲಬೇಕು. "ಸರ್, ಇವತ್ತು ಒಂಬತ್ತನೇ ಬಿ ನನಗೆ ಕೊಡಿ, ಪೋರ್ಷನ್ ಉಳಿದಿದೆ" ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಬೇಕು. ಪೋರ್ಷನ್ ಉಳಿದಿದೆ ಎಂಬ ಮಾತಿಗೆ ಯಾವ ಶಾಲೆಯಲ್ಲೂ ಎದುರುತ್ತರವಿಲ್ಲ. ಪಿ.ಟಿ. ಸರ್ ಚಹಾ ನುಂಗಿ "ಘ್ಯಾ ಮ್ಯಾಡಮ್" ಎನ್ನುತ್ತಿದ್ದರು. ತೆಗೆದುಕೊಳ್ಳಿ ಎಂದರ್ಥ. ಅವರಿಗೂ ಆ ನಲವತ್ತು ನಿಮಿಷ ನೆರಳಿನಲ್ಲಿ ಕೂತುಕೊಳ್ಳುವ ಯೋಗ ಬರುತ್ತಿತ್ತು. ಆಮೇಲೆ ನಾನು ಸೀಮೆಸುಣ್ಣ ಹಿಡಿದು ಕ್ಲಾಸಿಗೆ ಹೋದರೆ, ಬೂಟಿನ ಲೇಸು ಕಟ್ಟಿಕೊಂಡು ಸಾಲಾಗಿ ನಿಂತ ಮಕ್ಕಳು ನನ್ನ ಮುಖ ನೋಡಿ ಮತ್ತೆ ಬೆಂಚಿಗೆ ಬೀಳುತ್ತಿದ್ದರು.

ನನಗೆ ಇದರಲ್ಲಿ ಎಳ್ಳಷ್ಟೂ ಪಾಪಪ್ರಜ್ಞೆ ಇರಲಿಲ್ಲ. ನಾನು ಧಾರವಾಡದಲ್ಲಿ ಕಲಿಯುವಾಗ ನನ್ನ ಪಿ.ಟಿ. ಪಿರಿಯಡ್ಡುಗಳನ್ನೂ ಗಣಿತದ ಮಾಸ್ತರರು ಹೀಗೇ ಕದ್ದಿದ್ದರು. ಇದು ನಮ್ಮಲ್ಲಿ ಕೈಯಿಂದ ಕೈಗೆ ಬಂದ ವಿದ್ಯೆ.

ಹೀಗೆ ಎಲ್ಲವೂ ಸುಖವಾಗಿ ನಡೆದಿದ್ದಾಗ ನಮ್ಮ ಶಾಲೆಗೆ ಹೊಸ ಪ್ರಿನ್ಸಿಪಾಲರು ಬಂದರು. ಚುರುಕಿನ ಹೆಂಗಸು, ಯಾವುದೋ ದೊಡ್ಡ ಹೋಟೆಲಿನಲ್ಲಿ ಮೂರು ದಿನದ ಶಿಬಿರ ಮುಗಿಸಿ ಬಂದಿದ್ದರು. ಮಗುವಿನ ಸಮಗ್ರ ಬೆಳವಣಿಗೆ ಎಂಬ ಮಾತು ಅಲ್ಲಿ ಅವರಿಗೆ ಹತ್ತಿಕೊಂಡಿತ್ತು. ಜೂನ್ ತಿಂಗಳ ಮೊದಲ ಮೀಟಿಂಗಿನಲ್ಲೇ ಅಪ್ಪಣೆಯಾಯಿತು. ಇನ್ನು ಮುಂದೆ ಮಂಗಳವಾರ ಮತ್ತು ಗುರುವಾರ ಊಟದ ನಂತರದ ಎರಡೆರಡು ಪಿರಿಯಡ್ಡು ಮಕ್ಕಳು ತಾವು ಆರಿಸಿಕೊಂಡ ಚಟುವಟಿಕೆ ಕಲಿಯುತ್ತಾರೆ. ಅದು ಶಾಲೆಯ ಹೊತ್ತಿನಲ್ಲೇ ನಡೆಯುತ್ತದೆ, ಟೈಮ್‌ಟೇಬಲ್ಲಿನಲ್ಲಿ ಅಚ್ಚಾಗಿರುತ್ತದೆ, ಯಾವ ವಿಷಯದ ಶಿಕ್ಷಕರೂ ಅದನ್ನು ಮುಟ್ಟುವಂತಿಲ್ಲ. ಕೊನೆಯ ವಾಕ್ಯ ಹೇಳುವಾಗ ಅವರು ನನ್ನ ಕಡೆ ನೋಡಿದರು. ಪಿ.ಟಿ. ಸರ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು, ಚಾಡಿ ಹೇಳಿದವರು ಯಾರೆಂದು ನನಗೆ ತಿಳಿಯಿತು.

ಆ ನಾಲ್ಕು ಪಿರಿಯಡ್ಡುಗಳಲ್ಲಿ ಮೂರು ಮೊದಲು ನನ್ನವು. ನಾಲ್ಕನೆಯದು ಪಿ.ಟಿ. ಅಂದರೆ ಅದೂ ನನ್ನದೇ.

ಚಟುವಟಿಕೆಗಳ ಪಟ್ಟಿ ನೋಡಿದರೆ ಮದುವೆಮನೆಯ ಊಟದ ಪಟ್ಟಿಯ ಹಾಗಿತ್ತು. ಕರಾಟೆ, ಚೆಸ್, ಕುಂಬಾರಿಕೆ, ರೋಬೋಟಿಕ್ಸ್, ನಾಟಕ, ಮನಃಶಾಂತಿ. ರೋಬೋಟಿಕ್ಸಿಗೆ ಇದ್ದದ್ದು ಒಂದೇ ರೋಬೋಟು. ನಲವತ್ತು ಹುಡುಗರು ಅದನ್ನು ಸುತ್ತುಗಟ್ಟಿ ನಿಂತಾಗ ಅದು ಎರಡು ಹೆಜ್ಜೆ ಮುಂದಿಟ್ಟು ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿತ್ತು. ಕುಂಬಾರಿಕೆಗೆ ತಿಗರಿ ಇನ್ನೂ ಬಂದಿರಲಿಲ್ಲವಾದ್ದರಿಂದ ದೀಪಾವಳಿಯವರೆಗೆ ಮಕ್ಕಳು ಕುಂಬಾರಿಕೆಯ ನೋಟ್ಸು ಬರೆದುಕೊಂಡರು. ಮನಃಶಾಂತಿಯ ಹೊಣೆ ಹಿಂದಿ ಸರ್‌ಗೆ ಬಿತ್ತು. ಅವರ ದನಿ ರಸ್ತೆಯ ಆಚೆಯ ರಿಕ್ಷಾ ಸ್ಟ್ಯಾಂಡಿಗೆ ಕೇಳಿಸುತ್ತದೆ. ಎಲ್ಲರೂ ಶಾಂತರಾಗಿರಿ ಎಂದು ಅವರು ಗದರಿಸಿದರೆ ರಿಕ್ಷಾದವರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು.

ಮಕ್ಕಳು ತಾವೇ ಆರಿಸಿಕೊಳ್ಳುತ್ತಾರೆ ಎಂದಿದ್ದರಲ್ಲ, ಆರಿಸಿದ್ದು ಅಪ್ಪ ಅಮ್ಮಂದಿರು. ಫಾರ್ಮಿನಲ್ಲಿ ಮೂರು ಆಯ್ಕೆಗೆ ಜಾಗ ಇತ್ತು. ಒಬ್ಬ ತಂದೆ ಮೂರೂ ಕಡೆ ರೋಬೋಟಿಕ್ಸ್ ಎಂದೇ ಬರೆದು ಕಳಿಸಿದ. ಬೆಂಗಳೂರಿನಿಂದ ಬಂದು ಐ.ಟಿ. ಕಂಪನಿಯಲ್ಲಿರುವ ಇನ್ನೊಬ್ಬ ತಂದೆ, ನಾನು ಕನ್ನಡದವಳೆಂದು ಗೊತ್ತಾದ ಮೇಲೆ, ಕಾರಿಡಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ.

"ಮೇಡಂ, ಕರಾಟೆ ಓಕೆ, ಬಟ್ ಇದು ಮುಂದೆ ಅಡ್ಮಿಷನ್‌ಗೆ ಹೆಲ್ಪ್ ಆಗುತ್ತಾ?"

"ಅಡ್ಮಿಷನ್ ಕೊಡದವರಿಗೆ ಹೊಡೀಲಿಕ್ಕೆ ಆಗ್ತದ್ರಿ" ಎಂದೆ. ಅವನು ನಗಲಿಲ್ಲ, ಮೊಬೈಲಿನಲ್ಲಿ ಬರೆದುಕೊಂಡ.

ಪ್ರತಿ ಚಟುವಟಿಕೆಗೂ ಒಬ್ಬ ಶಿಕ್ಷಕರು ಕಾವಲಿರಬೇಕು ಎಂದಾಯಿತು. ನನಗೆ ಕರಾಟೆ ಬಂತು. ಕಾರಣ ಕೇಳಿದರೆ, ಕೆಲಸಕ್ಕೆ ಸೇರುವಾಗ ನಾನು ಕೊಟ್ಟ ಬಯೋಡೇಟಾದಲ್ಲಿ ಕಾಲೇಜಿನಲ್ಲಿ ಎನ್.ಸಿ.ಸಿ.ಯಲ್ಲಿದ್ದೆ ಎಂದು ಬರೆದಿತ್ತಂತೆ. ಇಪ್ಪತ್ತಾರು ವರ್ಷದಲ್ಲಿ ಅದನ್ನು ಓದಿದವರು ಇವರೊಬ್ಬರೇ. ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲು ಯಾವ ಸದ್ದು ಮಾಡುತ್ತದೆಂದು ಬಯೋಡೇಟಾದಲ್ಲಿ ಬರೆದಿರಲಿಲ್ಲ. ಈ ಸುದ್ದಿ ಮನೆಯಲ್ಲಿ ಹೇಳಿದಾಗ ನನ್ನ ಯಜಮಾನರು ಪೇಪರಿನಿಂದ ಮುಖ ಎತ್ತದೆ, "ಅವರಿಗೆ ಕಲಿಸೋ ಮಾಸ್ತರ ಬ್ಯಾರೆ ಇದ್ದಾನಲ್ಲ? ಇಲ್ಲಾಂದ್ರ ನಿನ್ನ ಬಾಯಿ ಸಾಕಾಗ್ತಿತ್ತು" ಎಂದರು.

ಹೀಗೆ ಮಂಗಳವಾರ ಮತ್ತು ಗುರುವಾರ ನಾನು ಮೈದಾನದ ಬದಿಯ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಗಣಿತದ ನೋಟ್‌ಬುಕ್ಕುಗಳ ಗುಡ್ಡೆ ಇಟ್ಟುಕೊಂಡು ತಿದ್ದುತ್ತ ಕೂರತೊಡಗಿದೆ. ಕರಾಟೆ ಸರ್ ಇಂದಾಪುರ ಕಡೆಯ ಸಣಕಲು ಮನುಷ್ಯ. ಸ್ಕೂಟರಿನ ಮೇಲೆ ಬಂದು, ಶೆಡ್ಡಿನ ಹೊರಗೆ ಚಪ್ಪಲಿ ಬಿಟ್ಟು, ನೆಲಕ್ಕೆ ಬಾಗಿ ನಮಸ್ಕರಿಸಿ ಒಳಗೆ ಬರುತ್ತಿದ್ದರು. ಮಕ್ಕಳೂ ಬಾಗುತ್ತಿದ್ದರು. ನಾನು ಕ್ಲಾಸಿಗೆ ಬಂದರೆ ಅರ್ಧ ಬೆನ್ನು ಎತ್ತಿ ಮತ್ತೆ ಕೂರುವ ಮಕ್ಕಳು ಇವರಿಗೆ ಸೊಂಟ ಬಗ್ಗಿಸುವುದನ್ನು ನೋಡಿ ನನ್ನ ಹೊಟ್ಟೆ ಉರಿಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಇನ್ನೂ ಕೆಟ್ಟದ್ದೆಂದರೆ ಎಣಿಕೆ. ಹದಿಮೂರರ ಮಗ್ಗಿ ಕೇಳಿದರೆ ಛಾವಣಿ ನೋಡುವ ಮಕ್ಕಳು ಒಂದರಿಂದ ಹತ್ತರವರೆಗೆ ಜಪಾನಿ ಭಾಷೆಯಲ್ಲಿ ತಪ್ಪಿಲ್ಲದೆ ಕೂಗುತ್ತಿದ್ದರು. ನನ್ನ ಮಕ್ಕಳಿಗೆ ಎಣಿಸಲು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.

ಎರಡನೆಯ ವಾರವೋ ಏನೋ, ತಲೆ ತಗ್ಗಿಸಿ ತಿದ್ದುತ್ತ ಕೂತವಳಿಗೆ ಒಂದು ಕೂಗು ಕೇಳಿಸಿತು. ಹೊಟ್ಟೆಯ ಆಳದಿಂದ ಬಂದ, ಒಂದೇ ಏಟಿನ ಕೂಗು. ನನ್ನ ಕೆಂಪು ಪೆನ್ನು ಜಾರಿ ಯಾರದೋ ಸರಿಯಾದ ಉತ್ತರದ ಮೇಲೆ ಉದ್ದ ಗೀಟು ಎಳೆಯಿತು. ಮುಖ ಎತ್ತಿ ನೋಡಿದರೆ ಕೂಗಿದವಳು ಒಂಬತ್ತನೇ ಬಿ ಕ್ಲಾಸಿನ ಹುಡುಗಿ, ಕೊನೆಯ ಬೆಂಚಿನವಳು. ನನ್ನದೇ ಕ್ಲಾಸು. ಎರಡು ವರ್ಷದಿಂದ ಪಾಠ ಮಾಡುತ್ತಿದ್ದರೂ ಅವಳ ದನಿ ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ. ಹಾಜರಿಗೆ ಕೈ ಎತ್ತುತ್ತಿದ್ದಳು, ಪ್ರಶ್ನೆಗೆ ನೆಲ ನೋಡುತ್ತಿದ್ದಳು, ಕೊನೆಯ ಗಂಟೆ ಹೊಡೆದೊಡನೆ ಬಾಣದ ಹಾಗೆ ಓಡಿಹೋಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ ದಡ್ಡ ಮಕ್ಕಳಿಗೆಂದು ನಾನು ಇಡುತ್ತಿದ್ದ ಹೆಚ್ಚಿನ ಕ್ಲಾಸಿಗೆ ಒಂದು ದಿನವೂ ನಿಂತವಳಲ್ಲ. ಮೈಗಳ್ಳಿ ಎಂದು ನಾನು ಯಾವತ್ತೋ ಷರಾ ಬರೆದಾಗಿತ್ತು.

ಅವಳ ಮನೆಯವರು ಕನ್ನಡದವರು, ಕಲಬುರ್ಗಿ ಕಡೆಯವರು. ತಂದೆ ದೌಂಡದಲ್ಲಿ ರೈಲ್ವೆಯ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದ, ಮನೆಯೂ ಅಲ್ಲೇ. ತಾಯಿ ನಮ್ಮ ಶಾಲೆಗೆ ಹತ್ತು ನಿಮಿಷದ ದಾರಿಯಲ್ಲಿರುವ ಒಂದು ದವಾಖಾನೆಯಲ್ಲಿ ವಾರ್ಡಿನ ಕೆಲಸ ಮಾಡುತ್ತಿದ್ದಳು. ಮಗಳು ಕಣ್ಣೆದುರೇ ಇರಲಿ, ಇಂಗ್ಲಿಷ್ ಕಲಿಯಲಿ ಎಂದು ಇಲ್ಲಿಗೆ ಹಾಕಿದ್ದಳು. ಸೇರಿಸಲು ಬಂದ ದಿನ ನಾನು ಕನ್ನಡ ಮಾತಾಡಿದ್ದು ಕೇಳಿ ಆಕೆ ನನ್ನನ್ನು ಮಿಸ್ ಎನ್ನುವುದು ಬಿಟ್ಟು "ಅಕ್ಕಾರ" ಎಂದಳು. ಊರಲ್ಲಿ ಶಿಕ್ಷಕಿಯರನ್ನು ಕರೆಯುವ ಹಾಗೆ. ಆ ದಿನವಿಡೀ ನನ್ನ ಹೆಜ್ಜೆ ನೆಲದ ಮೇಲಿರಲಿಲ್ಲ.

ಆ ಹುಡುಗಿ ಶೆಡ್ಡಿನಲ್ಲಿ ಬೇರೆಯೇ ಆಗಿದ್ದಳು. ನೋಡಲು ಸಣ್ಣ ಆಳು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಕರಾಟೆಯ ಪಟ್ಟುಗಳನ್ನು ಒಂದಾದ ಮೇಲೊಂದರಂತೆ ಮಾಡಿ ತೋರಿಸುವಾಗ ಅವಳ ಪಾದ ಎಲ್ಲಿ ಇಡಬೇಕೋ ಅಲ್ಲೇ ಬೀಳುತ್ತಿತ್ತು, ಒಂದು ಅಂಗುಲ ಆಚೀಚೆ ಇಲ್ಲ. ಕೋನ ಅಳೆಯಲು ಬರದ ಹುಡುಗಿ ಮೈಯಿಂದ ಲಂಬಕೋನ ಎಳೆಯುತ್ತಿದ್ದಳು. ಆಗಸ್ಟ್ ಹೊತ್ತಿಗೆ ಸರ್ ಅವಳನ್ನು ಮುಂದಿನ ಸಾಲಿನ ನಡುವೆ ನಿಲ್ಲಿಸಿ ಉಳಿದವರಿಗೆ ಇವಳನ್ನು ನೋಡಿ ಮಾಡಿ ಎನ್ನತೊಡಗಿದರು. ಒಂದು ದಿನ ನನ್ನ ಕುರ್ಚಿಯ ಹತ್ತಿರ ಬಂದು ಮರಾಠಿಯಲ್ಲಿ, "ಮ್ಯಾಡಮ್, ಇಂಥ ಹುಡುಗಿ ಹತ್ತು ವರ್ಷಕ್ಕೊಮ್ಮೆ ಸಿಗುವುದು. ಚಳಿಗಾಲದಲ್ಲಿ ಜಿಲ್ಲಾ ಸ್ಪರ್ಧೆ ಇದೆ, ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ವಾರಕ್ಕೆ ಎರಡು ದಿನ ತಪ್ಪದೆ ಅಭ್ಯಾಸ ಆಗಬೇಕು" ಎಂದರು.

"ಅವಳಿಗೆ ಗಣಿತದಲ್ಲಿ ನಲವತ್ತಕ್ಕೆ ಹನ್ನೊಂದು" ಎಂದೆ.

ಅವರು ಅದು ಯಾವ ಸ್ಪರ್ಧೆಯ ಅಂಕ ಎಂದು ತಿಳಿಯದವರ ಹಾಗೆ ನನ್ನನ್ನು ನೋಡಿ ವಾಪಸು ಹೋದರು.

ಅದೇ ದಿನ ಹುಡುಗಿ ನೋಟ್‌ಬುಕ್ಕುಗಳನ್ನು ಸ್ಟಾಫ್ ರೂಮಿಗೆ ಹೊತ್ತು ತಂದಳು. ಬೆವರಿದ್ದಳು, ಮುಖದಲ್ಲಿ ಗೆಲುವಿತ್ತು. ಎರಡು ವರ್ಷದಲ್ಲಿ ಮೊದಲ ಸಲ ತಾನಾಗಿ ಮಾತಾಡಿದಳು.

"ಮಿಸ್, ಮನ್ಯಾಗ ಕಾಲ್ ಚಾಚಲಿಕ್ಕಿ ಜಾಗ ಇಲ್ರಿ. ಆಯಿ ಮಲಗಿರ್ತಾಳ. ನಂಗ ಇಲ್ಲೇ ಅಷ್ಟರಿ, ಮಂಗಳವಾರ, ಗುರುವಾರ." ಆಯಿ ಎಂದರೆ ಅವಳ ಅಜ್ಜಿ.

"ಗಣಿತಾನೂ ಇಲ್ಲೇ ಅಷ್ಟ ಮಾಡ್ತಿ ನೀ. ಮನ್ಯಾಗ ಅದಕ್ಕೂ ಜಾಗ ಇಲ್ಲೇನು?" ಎಂದೆ ನಾನು. ಪಕ್ಕದಲ್ಲಿದ್ದ ಇತಿಹಾಸದ ಮಿಸ್‌ಗೆ ಅದನ್ನೇ ಮರಾಠಿಯಲ್ಲಿ ಹೇಳಿದೆ, ಅವರು ನಕ್ಕರು. ಹುಡುಗಿ ಪುಸ್ತಕಗಳನ್ನು ಮೇಜಿನ ಮೇಲೆ ಅಂಚು ಸರಿಮಾಡಿ ಇಟ್ಟು ಹೋದಳು. ಚುರುಕಾದ ಮಾತು ಬಾಯಿಗೆ ಬಂದರೆ ತಡೆಯಲಾಗದ ರೋಗ ನನಗೆ ಮೊದಲಿನಿಂದಲೂ ಇದೆ.

ಗಣೇಶನ ಹಬ್ಬ ಕಳೆದು ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂತು. ನನ್ನ ಪೋರ್ಷನ್ ಎರಡು ಅಧ್ಯಾಯ ಹಿಂದೆ ಬಿದ್ದಿತ್ತು. ಇಪ್ಪತ್ತಾರು ವರ್ಷದಲ್ಲಿ ಇಂಥ ಅವಮಾನ ಆಗಿರಲಿಲ್ಲ. ಕದಿಯೋಣವೆಂದರೆ ಕದಿಯಲು ಪಿರಿಯಡ್ಡೇ ಇಲ್ಲ. ಪಾಲಕರ ಸಭೆಯಲ್ಲಿ ದೂರುಗಳೂ ಬಂದವು. ಒಬ್ಬ ತಾಯಿಗೆ ಕರಾಟೆ ಬೇಕು, ಆದರೆ ಮಗ ಬೆವರಬಾರದು. ಒಬ್ಬ ತಂದೆಗೆ ಚೆಸ್‌ನಿಂದ ಮಗಳ ಕಣ್ಣಿಗೆ ತೊಂದರೆಯೇನೋ ಎಂಬ ಅನುಮಾನ. ರೋಬೋಟಿಕ್ಸ್ ಎಂದು ಮೂರು ಸಲ ಬರೆದವನು ತನ್ನ ಮಗನಿಗೆ ರೋಬೋಟನ್ನು ಮುಟ್ಟುವ ಸರದಿ ಇನ್ನೂ ಬಂದಿಲ್ಲ ಎಂದು ಎದ್ದು ನಿಂತ. ನಾನು ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ. ಈ ಸಿಟ್ಟನ್ನೆಲ್ಲ ಒಟ್ಟುಗೂಡಿಸಿದರೆ ನನ್ನ ನಾಲ್ಕು ಪಿರಿಯಡ್ಡು ವಾಪಸು ಬರುತ್ತವೆ ಎಂಬ ಲೆಕ್ಕ ಕೂತಲ್ಲೇ ಆಯಿತು.

ಆ ಭಾನುವಾರ ಕೂತು ಅರ್ಜಿ ಬರೆದೆ. ಯಾವುದನ್ನು ಮುಗಿಸಬೇಕೋ ಅದನ್ನು ಹೊಗಳುತ್ತ ಆರಂಭಿಸಬೇಕು ಎಂಬ ಕಛೇರಿಯ ವ್ಯವಹಾರ ನನಗೆ ಗೊತ್ತಿತ್ತು. ಸಮರಕಲೆಗಳು ಮಕ್ಕಳಲ್ಲಿ ಶಿಸ್ತು ಮತ್ತು ಆತ್ಮವಿಶ್ವಾಸ ಬೆಳೆಸುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ ಎಂದು ಚಂದದ ಇಂಗ್ಲಿಷಿನಲ್ಲಿ ಶುರುಮಾಡಿದೆ. ಆದ್ದರಿಂದಲೇ ಇಂಥ ಅಮೂಲ್ಯ ಚಟುವಟಿಕೆಗಳನ್ನು ಊಟದ ನಂತರದ ನಿದ್ದೆಗಣ್ಣಿನ ಹೊತ್ತಿನಲ್ಲಿ ಇಡದೆ, ಶಾಲೆ ಬಿಟ್ಟ ಮೇಲೆ ಒಂದು ತಾಸು, ಆಸಕ್ತ ಮಕ್ಕಳಿಗೆ ಬಿಡುವಾಗಿ ಕಲಿಸುವುದು ಯೋಗ್ಯ ಎಂದು ಮುಗಿಸಿದೆ. ಯಜಮಾನರಿಗೆ ಓದಿ ತೋರಿಸಿದೆ. "ಕರಾಟೆ ಮಾಸ್ತರನ್ನ ಹಾರ ಹಾಕಿ ಹೊರಗ ಕಳಿಸಿದಂಗ ಅದ" ಎಂದರು. ಅದನ್ನು ನಾನು ಮೆಚ್ಚುಗೆ ಎಂದೇ ತಿಳಿದೆ.

ಅರ್ಜಿಯ ಪ್ರತಿಯನ್ನು ಒಂಬತ್ತನೇ ಬಿ ಕ್ಲಾಸಿನ ಪ್ರತಿ ಮನೆಗೂ ಡೈರಿಯಲ್ಲಿ ಅಂಟಿಸಿ ಕಳಿಸಿದೆ, ಕೆಳಗೆ ಪಾಲಕರ ಸಹಿಗೆ ಗೆರೆ ಎಳೆದು. ನನ್ನನ್ನು ನೋಡಿ ಬೇರೆ ಕ್ಲಾಸುಗಳ ಶಿಕ್ಷಕರೂ ಅದನ್ನೇ ಕಳಿಸಿದರು. ಸಹಿ ತರದವರನ್ನು ಕ್ಲಾಸಿನ ಹೊರಗೆ ನಿಲ್ಲಿಸಿದೆ. ಎರಡೇ ದಿನದಲ್ಲಿ ನಲವತ್ತೆರಡಕ್ಕೆ ನಲವತ್ತೆರಡೂ ಬಂದವು. ಸ್ವಂತ ಇಚ್ಛೆಯಿಂದ ಒಪ್ಪಿದ್ದೇವೆ ಎಂದು ಆ ಕಾಗದದಲ್ಲೇ ಬರೆದಿತ್ತು. ದೌಂಡದ ಹುಡುಗಿಯ ಕಾಗದದಲ್ಲಿ ಸಹಿಯ ಕೆಳಗೆ ಕನ್ನಡದಲ್ಲಿ ಒಂದು ಸಾಲೂ ಇತ್ತು: ಅಕ್ಕಾರು ಹೇಳಿದಂಗ ಆಗಲಿ. ಆ ಶಾಲೆಯಲ್ಲಿ ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಗೆ ಬಂದ ಮೊದಲ ಕನ್ನಡ ಸಾಲು ಅದು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಯಾರಿಗೂ ಓದಲು ಬರುತ್ತಿರಲಿಲ್ಲ, ನಾನೇ ಮರಾಠಿಗೆ ತಿರುಗಿಸಿ ಹೇಳಿದೆ, ಎರಡೆರಡು ಸಲ.

ಪ್ರಿನ್ಸಿಪಾಲರು ಒಂದು ವಾರ ಕೊಸರಾಡಿದರು. ಮುಂದಿನ ವರ್ಷ ಇದೇ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಎಂಬುದನ್ನು ನೆನಪಿಸಿದೆ. ಬೋರ್ಡ್ ಎಂದ ಕೂಡಲೇ ಸಮಗ್ರ ಬೆಳವಣಿಗೆ ಕುರ್ಚಿಯಿಂದ ಎದ್ದು ಹೋಯಿತು. ದೀಪಾವಳಿ ರಜೆ ಮುಗಿದ ಮೇಲೆ ಹೊಸ ಟೈಮ್‌ಟೇಬಲ್ ಬಂತು. ಚಟುವಟಿಕೆಗಳೆಲ್ಲ ಮೂರೂವರೆಯಿಂದ ನಾಲ್ಕೂವರೆ. ನಾಲ್ಕು ಪಿರಿಯಡ್ಡುಗಳ ಎದುರು ಗಣಿತ ಎಂದು ಅಚ್ಚಾಗಿತ್ತು. ನಾನು ಸ್ಟಾಫ್ ರೂಮಿಗೆ ಬಾಕರವಡಿ ತಂದು ಹಂಚಿದೆ. ಕುಂಬಾರಿಕೆಯ ತಿಗರಿ ಅದೇ ದಿನ ಬಂತು. ಅದನ್ನು ಬಿಚ್ಚಲೂ ಇಲ್ಲ, ಮೆಟ್ಟಿಲ ಕೆಳಗೆ ಇಟ್ಟರು.

ಹೊಸ ವ್ಯವಸ್ಥೆಯ ಮೊದಲ ಮಂಗಳವಾರ ನಾನು ಸ್ವಾರಗೇಟ ಬಸ್ಸು ಹಿಡಿಯಲು ಹೊರಟಿದ್ದೆ. ಮೈದಾನದಲ್ಲಿ ಕರಾಟೆ ಸರ್ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದರು. ಮೊದಲು ನಲವತ್ತಿದ್ದವರು ಈಗ ಹನ್ನೊಂದು ಜನ, ಹತ್ತಿರದಲ್ಲಿ ಮನೆಯಿದ್ದವರು, ಕಾರಿನವರು. ಗೇಟಿನ ಹತ್ತಿರ ಆ ಹುಡುಗಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ನಿಂತು ನೋಡುತ್ತಿದ್ದಳು. ಎರಡೂ ಕೈ ಮುಷ್ಟಿ ಕಟ್ಟಿ ಸೊಂಟದ ಹತ್ತಿರ ಇದ್ದವು. ಸರ್ ಎಣಿಸಿದಂತೆ ಮುಷ್ಟಿ ಒಂದಿಷ್ಟೇ ತಿರುಗುತ್ತಿತ್ತು. ಆಮೇಲೆ ಶಾಲೆಯ ಗಡಿಯಾರ ನೋಡಿ ಓಡಿದಳು. ನಾನು ಇದನ್ನು ಕಂಡೂ ಏನೆಂದುಕೊಂಡೆ ಗೊತ್ತೇ? ನೋಡು, ನಾಲ್ಕೈದು ತಿಂಗಳಿಗೇ ಬೇಸರ ಬಂತು, ಈಗಿನ ಮಕ್ಕಳ ಹುಚ್ಚು ಇಷ್ಟೇ ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು.

ಮುಂದಿನ ವಾರ ಕರಾಟೆ ಸರ್ ಗೇಟಿನಲ್ಲಿ ನನ್ನನ್ನು ತಡೆದರು. "ಮ್ಯಾಡಮ್, ದೌಂಡದ ಹುಡುಗಿ ಎಲ್ಲಿ? ಸ್ಪರ್ಧೆಗೆ ಹೆಸರು ಕೊಡಬೇಕು." ಮರುದಿನ ಕ್ಲಾಸು ಮುಗಿದ ಮೇಲೆ ಅವಳನ್ನು ಹತ್ತಿರ ಕರೆದೆ.

"ಯಾಕವಾ, ಕರಾಟೆ ಬಿಟ್ಟೇನು?"

"ಗಾಡಿ ಅದರಿ ಮಿಸ್."

"ಯಾವ ಗಾಡಿ?"

"ಪಾವಣೆ ನಾಕರ ದೌಂಡ ಗಾಡಿ. ಅವ್ವ ಸ್ಟೇಷನ್‌ದಾಗ ನಿಂತಿರ್ತಾಳ. ಅದು ಹೋತಂದ್ರ ಮುಂದಿಂದು ಸಂಜಿ ಆರರ ಮ್ಯಾಲ. ಆಯಿಗಿ ಊಟ ಮಾಡಸೋರು ಯಾರೂ ಇರಂಗಿಲ್ರಿ."

ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು, ಅಷ್ಟು ವಿವರ ಆಮೇಲೆ ತಿಳಿಯಿತು. ಎರಡು ವರ್ಷದಿಂದ ಗಂಟೆ ಹೊಡೆದ ಕೂಡಲೇ ಈ ಹುಡುಗಿ ಓಡುತ್ತಿದ್ದದ್ದು ಮೂರೂ ಮುಕ್ಕಾಲರ ಆ ಗಾಡಿಗೆ. ರಿಜಿಸ್ಟರಿನಲ್ಲಿ ಅವಳ ವಿಳಾಸ ದೌಂಡ ಎಂದು ಬರೆದವಳು ನಾನು, ರೈಲಿನಲ್ಲಿ ಒಂದೂವರೆ ತಾಸಿನ ಊರು. ಒಂದು ರೈಲು ಇಂಥ ಹೊತ್ತಿಗೆ ಹೊರಟು ಇಂಥ ವೇಗದಲ್ಲಿ ಹೋದರೆ ಎಷ್ಟು ಹೊತ್ತಿಗೆ ತಲಪುತ್ತದೆ ಎಂಬ ಲೆಕ್ಕವನ್ನು ವರ್ಷಕ್ಕೆ ನೂರು ಸಲ ಮಾಡಿಸುವವಳೂ ನಾನೇ. ಆ ರೈಲಿನಲ್ಲಿ ಯಾರಾದರೂ ಕೂತಿರಬಹುದು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಅದೇ ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಚಟುವಟಿಕೆಗಳನ್ನು ಮತ್ತೆ ಶಾಲೆಯ ಹೊತ್ತಿಗೆ ತರಬೇಕು ಎಂದೆ. ಅವರು ಫೈಲು ತೆಗೆದು ನನ್ನ ಅರ್ಜಿಯನ್ನು ನನ್ನ ಮುಂದಿಟ್ಟರು.

"ನಿಮ್ಮ ಕ್ಲಾಸಿನಿಂದ ನೂರಕ್ಕೆ ನೂರು ಸಹಿ ಬಂದಿದೆ, ಮ್ಯಾಡಮ್. ಬೇರೆ ಯಾವ ಕ್ಲಾಸಿನಿಂದಲೂ ಇಷ್ಟು ಬಂದಿಲ್ಲ. ಒಬ್ಬ ಪಾಲಕರಂತೂ ಏನೋ ವಿಶೇಷವಾಗಿ ಬರೆದಿದ್ದಾರಂತಲ್ಲ, ನೀವೇ ಓದಿ ಹೇಳಿದಿರಿ."

"ಹಾಗಾದರೆ ನನ್ನ ಪಿರಿಯಡ್ಡಿನಲ್ಲಿ ಆ ಹುಡುಗಿಯನ್ನು ಕರಾಟೆಗೆ ಕಳಿಸುತ್ತೇನೆ. ಒಬ್ಬಳನ್ನೇ."

ಇಪ್ಪತ್ತಾರು ವರ್ಷದಲ್ಲಿ ಪಿರಿಯಡ್ಡು ಕೊಡಲು ಬಂದದ್ದು ಇದೇ ಮೊದಲು. ಅವರು ನಗಲಿಲ್ಲ, ಅದಕ್ಕೆ ನಾನು ಋಣಿ. ಆ ಪಿರಿಯಡ್ಡುಗಳ ಹೊತ್ತಿಗೆ ಕರಾಟೆ ಸರ್ ಈಗ ಹಡಪಸರದ ಇನ್ನೊಂದು ಶಾಲೆಗೆ ಹೋಗುತ್ತಾರೆ, ಬಿಡುವಾಯಿತೆಂದು ಅಲ್ಲಿ ಒಪ್ಪಿಕೊಂಡಿದ್ದಾರೆ ಎಂದರು. ಸರ್ ಅವರನ್ನೇ ಕೇಳಿದೆ. ಮಾತು ಕೊಟ್ಟಾಗಿದೆ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಹತ್ತನೆಯ ಕ್ಲಾಸು, ಆಗ ಯಾವ ಮಕ್ಕಳಿಗೂ ಮೈ ಎಂಬುದು ಇರುವುದಿಲ್ಲ, ಅದು ಅವರಿಗೂ ಗೊತ್ತಿತ್ತು. ಸ್ಪರ್ಧೆಗೆ ಇನ್ನೊಬ್ಬ ಹುಡುಗಿ ಹೋದಳು. ಮೊದಲ ಸುತ್ತಿನಲ್ಲೇ ಸೋತು, ಭಾಗವಹಿಸಿದ್ದಕ್ಕೆ ಸರ್ಟಿಫಿಕೇಟು ತಂದಳು. ಶಾಲೆಯ ಬೋರ್ಡಿನ ಮೇಲೆ ಅವಳ ಫೋಟೋ ಹಾಕಿದರು.

ನನ್ನ ಪೋರ್ಷನ್ ಮಾತ್ರ ಡಿಸೆಂಬರಿನಲ್ಲೇ ಮುಗಿಯಿತು. ಜನವರಿಯ ಪರೀಕ್ಷೆಯಲ್ಲಿ ಆ ಹುಡುಗಿಗೆ ನಲವತ್ತಕ್ಕೆ ಇಪ್ಪತ್ತೇಳು ಬಂತು. ನಾನು ಎರಡು ಸಲ ಕೂಡಿಸಿ ನೋಡಿದೆ. ಇಪ್ಪತ್ತೇಳೇ. ಮಂಗಳವಾರ, ಗುರುವಾರ ಊಟದ ನಂತರದ ಎರಡೂ ಪಿರಿಯಡ್ಡು ಅವಳು ಕೊನೆಯ ಬೆಂಚಿನಲ್ಲಿ ಬೆನ್ನು ನೇರ ಮಾಡಿ ಕೂತು ನಾನು ಹಲಗೆಯ ಮೇಲೆ ಬರೆದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಅವಳ ಕಡೆ ನೋಡಿ ಪಾಠ ಮಾಡುವುದು ನನಗೆ ಕಷ್ಟವಾಗುತ್ತಿತ್ತು.

ಪ್ರಗತಿಪತ್ರ ಕೊಡುವ ಶನಿವಾರ ತಾಯಿ ಬಂದಳು. ದವಾಖಾನೆಯ ನೀಲಿ ಸೀರೆಯಲ್ಲೇ ಬಂದಿದ್ದಳು, ಜೊತೆಗೆ ಮಗಳು. ಅಂಕ ನೋಡಿ ಆಕೆಯ ಕಣ್ಣಲ್ಲಿ ನೀರು ಬಂತು, ನನಗೆ ಎರಡೂ ಕೈ ಮುಗಿದಳು.

"ನಿಮ್ಮ ಉಪಕಾರ ಭಾಳ ಆತ್ರಿ ಅಕ್ಕಾರ. ಮದಲ ಗಾಡ್ಯಾಗ, ಮನ್ಯಾಗ ಎಲ್ಲಿ ನಿಂತ್ರೂ ಕೈಕಾಲು ಝಾಡಸ್ತಿದ್ಲು, ಅತ್ತಿ ಬೈತಿದ್ರು. ಈಗ ಗಪ್ಪ ಕುಂತು ಲೆಕ್ಕ ಮಾಡ್ಲತ್ತಾಳ."

ಸುಮ್ಮನೆ ಇರಲಿ ಬಿಡಿ ಎಂದು ಕೈಮುಗಿಸಿಕೊಂಡು ಕಳಿಸಿಬಿಡಬಹುದಿತ್ತು. ಬೇರೆ ದಿನವಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವತ್ತು ಆಗಲಿಲ್ಲ, ನನಗೆ ನಾಚಿಕೆಯಾಗುತ್ತಿತ್ತು.

"ನೋಡ್ರಿ, ನೀವು ಸಹಿ ಮಾಡಿ ಕಳಿಸಿದ್ರಲ್ಲ, ಆ ಕಾಗದ ಬರದಾಕಿ ನಾನ. ಅದರ ಸಲುವಾಗಿನ ಈಕಿ ಕರಾಟೆ ಹೋತು. ನಿಮಗ ಇಂಗ್ಲಿಷ್ ಬರಂಗಿಲ್ಲಂತ ನನಗ ಗೊತ್ತಿತ್ತು. ನಾ ಕರದು ತಿಳಿಸಿ ಹೇಳಬೇಕಿತ್ತು, ಹೇಳಲಿಲ್ಲ."

"ಗೊತ್ತದರಿ ಅಕ್ಕಾರ" ಎಂದಳು ಆಕೆ, ನನ್ನನ್ನೇ ಸಮಾಧಾನ ಮಾಡುವ ಹಾಗೆ. "ಈಕಿನೇ ಎಲ್ಲಾ ಓದಿ ಹೇಳ್ಯಾಳ. ಶಾಲಿ ಬಿಟ್ಟ ಮ್ಯಾಲ ಇಡ್ತಾರಂತ, ಹಂಗಾದ್ರ ನಂಗ ಆಗಂಗಿಲ್ಲವ್ವ, ಆದ್ರ ಅಕ್ಕಾರಿಗಿ ಆ ಪಿರಿಯಡ್ ಬೇಕಾಗ್ಯಾವ, ಸಹಿ ಮಾಡು ಅಂದ್ಲು. ಮಾಡ್ದೆ."

ನಾನು ಹುಡುಗಿಯ ಕಡೆ ತಿರುಗಿದೆ. ಓದಿದ್ದಳು, ಅರ್ಥ ಮಾಡಿಕೊಂಡಿದ್ದಳು, ತಾನೇ ತಾಯಿಯ ಕೈಗೆ ಪೆನ್ನು ಕೊಟ್ಟಿದ್ದಳು. ಆಮೇಲೆ ನಾಲ್ಕು ತಿಂಗಳು ದಿನಾ ಬೆಳಿಗ್ಗೆ ನನಗೆ ಗುಡ್ ಮಾರ್ನಿಂಗ್ ಹೇಳಿದ್ದಳು.

"ನನಗ ಯಾಕ ಹೇಳಲಿಲ್ಲವಾ?" ಎಂದೆ.

"ಪಾಲಕರ ಸಹಿಗಿ ಅಷ್ಟ ಗೆರಿ ಇತ್ರಿ ಮಿಸ್" ಎಂದಳು. "ನಮಗ ಕೇಳಿದ್ದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು, ಅಷ್ಟೇ. ತಾಯಿ ಅವಳ ಮೊಳಕೈ ತಿವಿದು, "ಅಕ್ಕಾರಿಗಿ ಹಂಗ ಅನಬಾರದು" ಎಂದಳು. ಗಾಡಿಗೆ ಹೊತ್ತಾಗಿತ್ತು. ಹೊರಡುವ ಮೊದಲು ಪ್ರಗತಿಪತ್ರಕ್ಕೆ ಎಲ್ಲಿ ಸಹಿ ಮಾಡಬೇಕು ಎಂದು ಕೇಳಿದಳು. ನಾನು ನನ್ನ ಪೆನ್ನು ಕೊಟ್ಟು, ಪಾಲಕರು ಎಂದು ಅಚ್ಚಾದ ಜಾಗದಲ್ಲಿ ಬೆರಳಿಟ್ಟು ತೋರಿಸಿದೆ.